ದೋಣಿಯ ಬ್ಯಾಟರಿಗೆ ಸೆಲ್ಲು ಆರಿಸುವ ಮುಂಚೆ

(ರಜತ ಮಹೋತ್ಸವದ ಅಂಗವಾಗಿ ಜರುಗಿದ ಸದಸ್ಯರ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಾವು ಎಸ್.ಎಸ್.ಎಲ್.ಸಿ. ಓದಿದ ಕೃಷಿಕರು, ಇಂಜಿನಿಯರ್ ಅಲ್ಲ. ಕೈ ಸುಟ್ಟುಕೊಂಡು ಕಲಿತದ್ದನ್ನು ಮಾತ್ರ ಹೇಳುತ್ತೇವೆ.

ಕುದ್ರುವಿನ ಮನೆಗಳ ಹಾಲು ದಿನಕ್ಕೆ ಎರಡು ಹೊತ್ತು ಹೊಳೆ ದಾಟಿ ಡೈರಿಗೆ ಬರಬೇಕು. ಶಾಲೆ ಮಕ್ಕಳೂ ಅದೇ ದೋಣಿಯಲ್ಲಿ. ಹುಟ್ಟು ಹಾಕಿ ತೋಳು ಸೋತು, ನಾವು 24 ವೋಲ್ಟಿನ ಕರೆಂಟ್ ಮೋಟಾರು ಕೂರಿಸಿದೆವು. ಮೊದಲು 100 ಎ.ಎಚ್.ನ ಎರಡು ಆಸಿಡ್ ಬ್ಯಾಟರಿ ಇಟ್ಟೆವು. ಎರಡೂ ಸೇರಿ ಅರವತ್ತು ಕಿಲೋ. ದಿನಾ ಆಳಕ್ಕೆ ಖಾಲಿ ಮಾಡಿದ್ದರಿಂದ ಎರಡು ವರ್ಷ ತುಂಬುವುದರೊಳಗೆ ಕೂತುಬಿಟ್ಟವು. ಆಮೇಲೆ ಅಗ್ಗ ಅಂತ ಹಳೇ ಲ್ಯಾಪ್‌ಟಾಪಿನಿಂದ ತೆಗೆದ ಬೆರಳು ಗಾತ್ರದ ಲಿಥಿಯಂ ಸೆಲ್ಲು 280 ತಂದು, ನಲವತ್ತರ ಏಳು ಗುಂಪು ಮಾಡಿ, ಪಟ್ಟಿ ಬೆಸೆದು ಬ್ಯಾಟರಿ ಕಟ್ಟಿದೆವು. ಆಸೆ ಬಿದ್ದದ್ದು ನಾವೇ, ಬೇರೆ ಯಾರನ್ನೂ ದೂರುವುದಿಲ್ಲ.

ಆಷಾಢದ ಒಂದು ಸಂಜೆ, ಇಳಿತದ ಹೊತ್ತು. ನಡು ಹೊಳೆಯಲ್ಲಿ ಮೋಟಾರು ನಿಂತುಹೋಯಿತು. ದೋಣಿಯಲ್ಲಿ ಎರಡು ಕ್ಯಾನು ಹಾಲು, ಇಬ್ಬರು ಮಕ್ಕಳು. ನೀರು ಅಳಿವೆ ಕಡೆಗೆ ಎಳೀತಾ ಇತ್ತು. ಜಲ್ಲ ಹಾಕಿದರೆ ನೆಲ ಸಿಗಲಿಲ್ಲ. ಬಲೆಯವರು ಕೂಗು ಕೇಳಿ ಹಗ್ಗ ಎಸೆದದ್ದಕ್ಕೆ ಇವತ್ತು ನಿಮ್ಮೆದುರು ನಿಂತಿದ್ದೇವೆ. ಹಾಲು ಒಡೆದಿತ್ತು; ಆದರೆ ಮಕ್ಕಳ ತಾಯಂದಿರ ಮುಖ ನೋಡುವುದೇ ಹಾಲಿನ ನಷ್ಟಕ್ಕಿಂತ ಕಷ್ಟವಾಯಿತು.

ಪೆಟ್ಟಿಗೆ ಬಿಚ್ಚಿ ನೋಡಿದಾಗ ಉಪ್ಪುಗಾಳಿಗೆ ಬೆಸುಗೆ ಬಿಟ್ಟು, ಒಂದು ಗುಂಪಿನಲ್ಲಿ ಹತ್ತಾರು ಸೆಲ್ಲು ಸಂಪರ್ಕವೇ ಇಲ್ಲದೆ ಕೂತಿದ್ದವು. ಉಳಿದವಕ್ಕೆ ಹೊರೆ ಹೆಚ್ಚಾಗಿ ಆ ಗುಂಪು ಮೊದಲು ಖಾಲಿಯಾಯಿತು. ಕಾವಲಿಗೆ ಹಾಕಿದ ಬಿ.ಎಂ.ಎಸ್. ಎಂಬ ಸರ್ಕ್ಯೂಟು ಇಡೀ ಬ್ಯಾಟರಿಯ ಕರೆಂಟು ಕಡಿಯಿತು. ಅದು ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು. ಸಾಲಿನಲ್ಲಿ ಒಬ್ಬ ಸೋತರೆ ಎಲ್ಲರೂ ನಿಲ್ಲಬೇಕು.

ಅಲ್ಲಿಂದ ನಾವು ಲೆಕ್ಕ ಹಿಡಿದು ಹೊರಟೆವು. ಮೊದಲು ಮೋಟಾರು ಎಷ್ಟು ಎಳೆಯುತ್ತದೆ ಅಂತ ಮೀಟರ್ ಹಾಕಿ ನೋಡಿದೆವು: ತುಂಬಿದ ದೋಣಿಗೆ 40 ಆಂಪಿಯರ್. ಒಂದು ಸಲ ದಾಟಲು ಕಾಲು ಗಂಟೆ, ದಿನಕ್ಕೆ ನಾಲ್ಕು ಸಲ, ಒಟ್ಟು ಒಂದು ಗಂಟೆ. ಅಂದರೆ ದಿನಕ್ಕೆ 40 ಎ.ಎಚ್. ಗಾಳಿ, ಸೆಳೆತ, ರಾತ್ರಿ ಕರೆಂಟು ಕೈಕೊಡುವುದು ಎಲ್ಲ ಸೇರಿಸಿ ಎರಡೂವರೆ ಪಾಲು, 100 ಎ.ಎಚ್. ಬೇಕು ಅಂತ ನಿಗದಿ ಮಾಡಿದೆವು.

ಸೆಲ್ಲು ಯಾವ ಜಾತಿ? ಲಿಥಿಯಂ ಐರನ್ ಫಾಸ್ಫೇಟ್. ಲ್ಯಾಪ್‌ಟಾಪ್ ಜಾತಿಯಷ್ಟು ಸುಲಭಕ್ಕೆ ಬೆಂಕಿಗೆ ತಿರುಗುವುದಿಲ್ಲ, ಆದರೂ ಹುಷಾರು ತಪ್ಪಬಾರದು. ಇದನ್ನು ಜಗತ್ತಿಗೆ ತಿಳಿಸಿದ 1997ರ ಪ್ರಬಂಧದಲ್ಲಿ, 2019ರಲ್ಲಿ ನೊಬೆಲ್ ಪಡೆದ ಜಾನ್ ಗುಡ್‌ಇನಫ್ ಜೊತೆಗೆ ಪಾಢಿ, ನಂಜುಂಡಸ್ವಾಮಿ ಎಂಬ ಹೆಸರುಗಳೂ ಇವೆ. ಓದಿ ನಮಗೆ ಹೆಮ್ಮೆಯಾಯಿತು. ಒಂದು ಸೆಲ್ಲಿಗೆ 3.2 ವೋಲ್ಟ್, ಎಂಟು ಸಾಲಾಗಿ ಜೋಡಿಸಿದರೆ 25.6.

ಇನ್ನು ಗಾತ್ರ. 6 ಎ.ಎಚ್.ನ ಉರುಟು ಸೆಲ್ಲಾದರೆ 136 ಬೇಕು. ಮತ್ತೆ ಅದೇ ನೂರಾರು ಬೆಸುಗೆ. ಬೇಡವೆಂದೆವು. 280 ಎ.ಎಚ್.ನ ದೊಡ್ಡ ಸೆಲ್ಲು ಎಂಟೇ ಸಾಕು, ಆದರೆ ಒಂದೊಂದೂ ಐದೂ ಚಿಲ್ಲರೆ ಕಿಲೋ. ಹೊರೆ ಜಾಸ್ತಿ, ಕೊಂಡ ಶಕ್ತಿಯಲ್ಲಿ ಬಹುಪಾಲು ಸುಮ್ಮನೆ ಕೂತಿರುತ್ತದೆ. 100 ಎ.ಎಚ್.ನ ಎಂಟು ಸೆಲ್ಲು ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ಅಲ್ಲೇ ಮುಗಿಸುವವರಿದ್ದೆವು. ಆಗ ಮನೆಯವರು ಕೇಳಿದರು, "ಅದರಲ್ಲೂ ಒಂದು ಸೆಲ್ಲು ಕೆಟ್ಟರೆ ಏನು ಮಾಡ್ತೀರಿ?" ನಮ್ಮಲ್ಲಿ ಉತ್ತರ ಇರಲಿಲ್ಲ.

ಅದಕ್ಕೇ ಕೊನೆಗೆ 50 ಎ.ಎಚ್.ನ ಹದಿನಾರು ಸೆಲ್ಲು ತಂದು, ಎಂಟೆಂಟರ ಎರಡು ಬೇರೆ ಬೇರೆ ಬ್ಯಾಟರಿ ಮಾಡಿದೆವು. ಒಂದೊಂದಕ್ಕೂ ಅದರದೇ ಬಿ.ಎಂ.ಎಸ್., ಅದರದೇ ಫ್ಯೂಸು, ಅದರದೇ ಸ್ವಿಚ್ಚು. ಎರಡೂ ಸೇರಿ ಇಪ್ಪತ್ತೈದು ಕಿಲೋ ಒಳಗೆ. ನಿತ್ಯ ಎರಡೂ 20 ಆಂಪಿಯರಿನಂತೆ ಹಂಚಿಕೊಳ್ಳುತ್ತವೆ, ಬಿಸಿಯೇ ಆಗುವುದಿಲ್ಲ. ಒಂದು ನಿಂತರೆ ಅದರ ಸ್ವಿಚ್ಚು ತೆಗೆದು, ಇನ್ನೊಂದರಲ್ಲಿ 20 ಆಂಪಿಯರಿಗೆ ಇಳಿಸಿ ಓಡಿಸುತ್ತೇವೆ. ಕರೆಂಟು ಅರ್ಧವಾದರೆ ವೇಗ ಅರ್ಧವಾಗುವುದಿಲ್ಲ. ಹೆಚ್ಚುಕಮ್ಮಿ ಮುಕ್ಕಾಲು ವೇಗ ಉಳಿಯುತ್ತದೆ. ದಡ ಸೇರಲು ಅಷ್ಟು ಸಾಕು.

ಕಟ್ಟುವವರಿಗೆ ಕೆಲವು ಮಾತು. ಎಲ್ಲ ಸೆಲ್ಲೂ ಹೊಸದು, ಒಂದೇ ಬ್ಯಾಚಿನದು ಇರಲಿ. ಸಾಲು ಕಟ್ಟುವ ಮುಂಚೆ ಎಲ್ಲವನ್ನೂ ಪ್ಲಸ್ಸಿಗೆ ಪ್ಲಸ್ಸು, ಮೈನಸ್ಸಿಗೆ ಮೈನಸ್ಸು ಸೇರಿಸಿ 3.65 ವೋಲ್ಟಿಗೆ ಸಮ ಮಾಡಿಕೊಳ್ಳಿ. ಎರಡು ಬ್ಯಾಟರಿಯನ್ನು ಕೂಡಿಸುವಾಗ ಎರಡರ ಚಾರ್ಜೂ ಒಂದೇ ಮಟ್ಟದಲ್ಲಿರಬೇಕು. ಸ್ಪ್ಯಾನರಿನ ಹಿಡಿಗೆ ಟೇಪು ಸುತ್ತಿ, ಉಂಗುರ ಗಡಿಯಾರ ಬಿಚ್ಚಿಡಿ. ಆಸಿಡ್ ಬ್ಯಾಟರಿಯ ಹಳೇ ಚಾರ್ಜರು ಬೇಡ, 29.2 ವೋಲ್ಟಿಗೆ ನಿಲ್ಲುವಂಥದ್ದೇ ಬೇಕು. ಎಷ್ಟು ಉಳಿದಿದೆ ಎಂಬುದು ವೋಲ್ಟ್ ಮೀಟರಿನಲ್ಲಿ ಸರಿಯಾಗಿ ತಿಳಿಯುವುದಿಲ್ಲ, ಯಾಕೆಂದರೆ ಈ ಸೆಲ್ಲು ಮುಗಿಯುವ ತನಕ ವೋಲ್ಟೇಜು ಹೆಚ್ಚು ಇಳಿಸುವುದಿಲ್ಲ. ಎ.ಎಚ್. ಎಣಿಸುವ ಮೀಟರು ಹಾಕಿ. ಬ್ಯಾಟರಿ ಎಷ್ಟೇ ಚೆನ್ನಾಗಿರಲಿ, ಹುಟ್ಟು ಮತ್ತು ಮಕ್ಕಳಿಗೆ ಲೈಫ್ ಜಾಕೆಟು ಇಲ್ಲದೆ ದೋಣಿ ಬಿಡಬೇಡಿ.

ಈಗ ಸಂಘದ ವತಿಯಿಂದಲೇ ಎರಡನೇ ದೋಣಿ ಮಾಡುವ ವಿಚಾರ ಸಭೆಯ ಮುಂದಿದೆ. ಕೊಟೇಶನ್ ಬಂದಾಗ ಕಡಿಮೆ ರೇಟಿನ ಸಾಲಿಗೆ ಬೆರಳಿಟ್ಟು ಪಾಸು ಮಾಡುವುದು ನಮಗೆಲ್ಲ ರೂಢಿ. ಈ ಒಂದು ವಿಷಯದಲ್ಲಿ ಹಾಗೆ ಮಾಡಬಾರದೆಂದು ಕೈಮುಗಿದು ಕೇಳಿಕೊಳ್ಳುತ್ತೇವೆ. ಎಷ್ಟು ದೂರ ಓಡೀತು ಅಂತ ಆಮೇಲೆ ಕೇಳೋಣ. ಒಂದು ಕೆಟ್ಟರೆ ದಡ ಸೇರೀತೋ ಅಂತ ಮೊದಲು ಕೇಳೋಣ.