ಪರದೆಯ ಮೇಲಿನ ರ‍್ಯಾಲಿ ಕಾರುಗಳು

ಕ್ಯಾತಗಾನಚೆರ್ಲು ಕಡೆಯವರಿಗೆ ಮಣ್ಣುರಸ್ತೆಯ ಧೂಳು ಹೊಸತೇನಲ್ಲ. ಅಂಥ ರಸ್ತೆಯಲ್ಲಿ ಗಡಿಯಾರದೊಡನೆ ಸ್ಪರ್ಧಿಸುತ್ತ ಕಾರು ಓಡಿಸುವುದೇ ರ‍್ಯಾಲಿ. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ‘ಕೆ-1000’ ರ‍್ಯಾಲಿ ತುಮಕೂರಿನ ಆಸುಪಾಸಿನಲ್ಲೂ ನಡೆದಿದೆ.

ಈ ಧೂಳು ಈಗ ಕಂಪ್ಯೂಟರ್ ಪರದೆಗೂ ಏರಿದೆ. 2020ರಲ್ಲಿ ಬಂದ ‘ಆರ್ಟ್ ಆಫ್ ರ‍್ಯಾಲಿ’ ಎಂಬ ಆಟದ ಕಾರುಗಳಿಗೆ ಕಂಪನಿಯ ಹೆಸರಿಲ್ಲ. ಮಿನಿಯಂತೆ ಕಾಣುವುದು ‘ಮೀನೀ’. ಹಳೆಯ ಫೋರ್ಡ್ ಎಸ್ಕಾರ್ಟನ್ನು ಹೋಲುವುದು ‘ಎಸ್ಕಿ’. ನಿಜವಾದ ಹೆಸರಿಗೆ ಕಂಪನಿಯ ಪರವಾನಗಿ ಬೇಕು. ಹೆಸರು ತಿರುಚಿದರೆ ಆ ಗೋಜಿಲ್ಲ. ಬೇಕಾದ ಇತಿಹಾಸವನ್ನೂ ಕಟ್ಟಿಕೊಳ್ಳಬಹುದು.

ಕಟ್ಟಿದ್ದಾರೆ ಕೂಡ. 1982ರಲ್ಲಿ ಶುರುವಾದ ‘ಗ್ರೂಪ್ ಬಿ’ ವರ್ಗದಲ್ಲಿ ಕಾರಿನ ಶಕ್ತಿಗೆ ಹೆಚ್ಚಿನ ಕಡಿವಾಣವಿರಲಿಲ್ಲ. ಆಡಿ ಕ್ವಾಟ್ರೊ, ಪೆಜೊ 205, ಲ್ಯಾನ್ಸಿಯಾ ಡೆಲ್ಟಾ ಎಸ್4 ಮೆರೆದ ಕಾಲವದು. 1986ರ ಮಾರ್ಚಿನಲ್ಲಿ ಪೋರ್ಚುಗಲ್‌ನಲ್ಲಿ ಫೋರ್ಡ್ ಆರ್‌ಎಸ್200 ಕಾರೊಂದು ಪ್ರೇಕ್ಷಕರ ಮೇಲೆ ನುಗ್ಗಿ ಮೂವರು ಸತ್ತರು. ಮೇ 2ರಂದು ಕಾರ್ಸಿಕಾದಲ್ಲಿ ಹೆನ್ರಿ ಟೊಯ್ವೊನೆನ್ ಮತ್ತು ಸಹಚಾಲಕ ಸೆರ್ಜಿಯೊ ಕ್ರೆಸ್ಟೊ ಕಾರಿನೊಂದಿಗೇ ಬೆಂದುಹೋದರು. 1987ರಿಂದ ಆ ವರ್ಗಕ್ಕೇ ನಿಷೇಧ. ಆಟದ ಕತೆಯಲ್ಲಿ ಮಾತ್ರ ಅದು ನಿಲ್ಲಲೇ ಇಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಆಟದಲ್ಲೂ ಜನ ರಸ್ತೆಗೇ ಇಳಿದು ನಿಲ್ಲುತ್ತಾರೆ. ಕಾರು ಹತ್ತಿರವಾದೊಡನೆ ಪಕ್ಕಕ್ಕೆ ಹಾರುತ್ತಾರೆ, ಒಬ್ಬರಿಗೂ ತಾಗುವುದಿಲ್ಲ! ಗ್ರೂಪ್ ಬಿ ಕಾಲದ ಜನಜಂಗುಳಿಯನ್ನು ಇಷ್ಟು ಚೆನ್ನಾಗಿ ನೆನಪಿಟ್ಟ ಆಟ, ಆ ಮೂವರನ್ನು ಮಾತ್ರ ಬಿಟ್ಟಿದೆ. ನಿಜವಾದ ರ‍್ಯಾಲಿಯಲ್ಲಿ ರಸ್ತೆ ಮುಚ್ಚಿ, ತಿರುವಿನ ಹೊರಮಗ್ಗುಲಲ್ಲಿ ನಿಂತವರನ್ನು ಗದರಿಸಿ ಹಿಂದಕ್ಕೆ ಕಳಿಸುತ್ತಾರೆ. ಜಲ್ಲಿಯ ಮೇಲೆ ಹಿಡಿತ ತಪ್ಪಿದ ಕಾರು ಜಾರುವುದು ಆ ಕಡೆಗೇ.