ಎರಡು ಸೂಜಿ, ಒಂದು ದಾರ

(ಹಾಸ್ಟೆಲ್ ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ಆಡಿದ ಮಾತು)



ಕವಿತೆಯ ಬಗ್ಗೆ ಮಾತಾಡಿ ಅಂತ ನಮ್ಮನ್ನು ಕರೆದಿರಿ. ನಾವು ಒಂದು ಚೀಲ ತಂದಿದ್ದೇವೆ. ತೊಗಲಿನ ಚೀಲ. ಕೈಯಿಂದ ಕೈಗೆ ದಾಟಿಸಿ ನೋಡಿ, ಬೇಕಾದರೆ ಮೂಸಿಯೂ ನೋಡಿ. ಹಾಸ್ಟೆಲ್ ರೂಮಿನಲ್ಲಿ ಟ್ರಂಕಿನ ಮೇಲೆ ಹಲಗೆ ಇಟ್ಟುಕೊಂಡು ನಾವು ಮೂವರು ಹೊಲಿದದ್ದು. ಆಕಾರ ಮಾತ್ರ ಪ್ಯಾರಿಸ್ಸಿನ ದೊಡ್ಡ ಅಂಗಡಿಗಳಲ್ಲಿ ಲಕ್ಷಗಟ್ಟಲೆಗೆ ಮಾರುವ ‘ಟೋಟ್’ ಚೀಲದ್ದು. ಚಿತ್ರ ನೋಡಿ ಅಳತೆ ಊಹಿಸಿದೆವು. ಅವರ ಹೆಸರು, ಮುದ್ರೆ ಹಾಕಿಲ್ಲ, ಹಾಕಿದರೆ ಕಳ್ಳತನ. ಆದರೆ ಬಾಯಿ ತೆರೆದ ಚೀಲಕ್ಕೆ ಎರಡು ಹಿಡಿಕೆ ಇಡುವುದು ಯಾರಪ್ಪನ ಆಸ್ತಿಯೂ ಅಲ್ಲವಲ್ಲ!

ಆ ಅಂಗಡಿಗಳಲ್ಲಿ ಹೆಸರಾದದ್ದು ಎರ್ಮೆಸ್. 1837ರಲ್ಲಿ ಅದು ಶುರುವಾದದ್ದು ಕುದುರೆಯ ಲಗಾಮು, ಬಾರು ಹೊಲಿಯುವ ಜಾಗವಾಗಿ. ಜೀನಿಗೆ ಹಾಕುವ ಹೊಲಿಗೆಯನ್ನೇ ಇವತ್ತಿಗೂ ಕೈಯಲ್ಲಿ ಚೀಲಕ್ಕೆ ಹಾಕ್ತಾರೆ. ಒಂದೇ ದಾರ, ಎರಡು ತುದಿಗೂ ಸೂಜಿ. ಒಂದೇ ತೂತಿನಲ್ಲಿ ಆ ಕಡೆಯಿಂದೊಂದು, ಈ ಕಡೆಯಿಂದೊಂದು. ಮೆಷಿನ್ ಹೊಲಿಗೆಯಲ್ಲಿ ದಾರ ಒಂದು ಕಡೆ ಹರಿದರೆ ಸಾಲು ಬಿಚ್ಚಿಕೊಳ್ಳಲು ಶುರು. ಇದರಲ್ಲಿ ಒಂದು ಎಳೆ ಸವೆದು ಹೋದರೂ ಇನ್ನೊಂದು ಹಿಡಿದಿರುತ್ತದೆ. ಇಂಥ ಕೈಗೆ ಅಲ್ಲಿ ಕಲಾಕಾರನ ಕೈ ಅನ್ನುತ್ತಾರೆ. ಇಲ್ಲಿ, ಊರಿಗೆಲ್ಲ ಮೆಟ್ಟು ಹೊಲಿದುಕೊಟ್ಟವನು ಮೇಲಿನ ಕೇರಿ ದಾಟುವಾಗ ತನ್ನ ಮೆಟ್ಟನ್ನು ಕೈಯಲ್ಲಿ ಹಿಡಿದು ನಡೆಯಬೇಕಿತ್ತು.

ಇದು ಹಳೇ ಕತೆ ಅನ್ನಬೇಡಿ. 2025ರ ಜೂನಿನಲ್ಲಿ ಮಿಲಾನ್ ಪಟ್ಟಣದ ಫ್ಯಾಷನ್ ಪ್ರದರ್ಶನದಲ್ಲಿ ಪ್ರಾಡಾ ಕಂಪನಿ ಕೊಲ್ಹಾಪುರಿ ಚಪ್ಪಲಿಯಂಥದ್ದನ್ನೇ ತೊಡಿಸಿ, ಬರೀ ತೊಗಲಿನ ಸ್ಯಾಂಡಲ್ ಅಂದಿತು. ಅದಕ್ಕೆ 2019ರಲ್ಲೇ ಭೌಗೋಳಿಕ ಗುರುತು ಸಿಕ್ಕಿತ್ತು: ಮಹಾರಾಷ್ಟ್ರದ ನಾಲ್ಕು ಜಿಲ್ಲೆ, ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ. ಅಥಣಿಯ ಕಡೆ ಈಗಲೂ ಮನೆಮನೆಯಲ್ಲಿ ಹೆಂಗಸರು ಗಂಡಸರು ಕೂತು ಹೊಲಿಯುತ್ತಾರೆ. ಗಲಾಟೆಯಾದ ಮೇಲೆ ಕಂಪನಿ ಒಪ್ಪಿಕೊಂಡಿತು. ಡಿಸೆಂಬರಿನಲ್ಲಿ ಎರಡೂ ರಾಜ್ಯಗಳ ಚರ್ಮ ನಿಗಮಗಳ ಜೊತೆ ಒಪ್ಪಂದ ಮಾಡಿಕೊಂಡು, 2,000 ಜೋಡಿ ಮಾಡಿಸಿ ಜೋಡಿಗೆ ಸುಮಾರು 800 ಯೂರೋದಂತೆ ಮಾರುತ್ತೇವೆ ಅಂದಿತು. ಅವರು ನಮ್ಮಿಂದ ತಗೊಂಡರೆ ‘ಸ್ಫೂರ್ತಿ’, ನಾವು ಅವರದ್ದು ನೋಡಿ ಹೊಲಿದರೆ ‘ನಕಲು’. ಸರಿ, ನಕಲೇ ಆಗಲಿ, ಹೇಗೆ ಮಾಡಿದೆವು ಹೇಳ್ತೀವಿ.

ಜಾಲಿ ತೊಗಟೆ, ಅಳಲೆಕಾಯಿ ಇಂಥದರಲ್ಲಿ ಹದ ಮಾಡಿದ ತೊಗಲು ಬೇಕು. ಎರಡು ಮಿಲಿಮೀಟರಿಗಿಂತ ದಪ್ಪ ಬೇಡ. ಆರೇಳು ಚದರ ಅಡಿ ಸಾಕು. ಮೊದಲು ರಟ್ಟಿನಲ್ಲಿ ಕತ್ತರಿಸಿ ನೋಡಿ, ರಟ್ಟು ತಪ್ಪಿದರೆ ದುಡ್ಡು ಹೋಗಲ್ಲ. ಮುಂದೆ ಹಿಂದೆ 14 ಇಂಚು ಅಗಲ, 12 ಇಂಚು ಎತ್ತರದ ಎರಡು ತುಂಡು, ಕೆಳಗಿನ ಮೂಲೆ ದುಂಡಗೆ. ಎರಡು ಪಕ್ಕ ಮತ್ತು ತಳಕ್ಕೆ ಸೇರಿ 4 ಇಂಚು ಅಗಲ, 38 ಇಂಚು ಉದ್ದದ ಒಂದೇ ಪಟ್ಟಿ. ರಂಪಿಗೆ, ಉಳಿ ಕೊಟ್ಟಿದ್ದು ಬಸ್ ಸ್ಟ್ಯಾಂಡ್ ಹತ್ತಿರ ಕೂರುವ ಅಜ್ಜ. ಅಂಚಿನುದ್ದಕ್ಕೂ ನಾಲ್ಕು ಮಿಲಿಮೀಟರಿಗೊಂದು ತೂತು, ಒಂದು ಬದಿಗೆ ಹತ್ತಿರ ಹತ್ತಿರ 240. ದಾರಕ್ಕೆ ಮೇಣ ಉಜ್ಜಿ, ಹೊಲಿಗೆಯ ನಾಲ್ಕರಷ್ಟು ಉದ್ದ ತಗೋಬೇಕು.

ಇಲ್ಲೇ ಎಡವಿದೆವು. ಬಿ.ಎ. ಓದಿದ ಬುದ್ಧಿ! ಎರಡೂ ತುಂಡಿಗೆ ಬೇರೆ ಬೇರೆ ತೂತು ಹಾಕಿ, ಎಣಿಸದೆ, ಒಂದು ಬಾಯಿಯಿಂದ ಹೊಲಿಯುತ್ತಾ ಬಂದೆವು. ಆ ಬಾಯಿ ಮುಟ್ಟುವಾಗ ಒಂದರಲ್ಲಿ ಐದು ತೂತು ಹೆಚ್ಚು. ಚೀಲ ಲಕ್ವ ಹೊಡೆದ ಹಾಗೆ ಸೊಟ್ಟ. ಅಜ್ಜ ನಕ್ಕು, “ತಳದ ನಡುವಿಂದ ಶುರು ಮಾಡ್ರೋ ಮಕ್ಳಾ, ಆಮ್ಯಾಕೆ ಎರಡು ಕಡೀಕೂ ಹತ್ತಿ” ಅಂದರು. ಮೂಲೆಯಲ್ಲಿ ಪಟ್ಟಿಯನ್ನು ಒದ್ದೆ ಮಾಡಿ ಬಗ್ಗಿಸಿ ಅಂತಲೂ ಹೇಳಿದರು. ಒಣಗಿದ ಮೇಲೆ ಆ ಬಾಗನ್ನೇ ಹಿಡಿದುಕೊಳ್ಳುತ್ತದೆ. ಉಳಿದ ಪಟ್ಟಿ ಬಾಯಿಯ ಹತ್ತಿರ ಕತ್ತರಿಸಿ ಹಾಕಬಹುದು. ಕೊನೆಗೆ ಎರಡು ಮೂರು ತೂತು ಹಿಂದಕ್ಕೆ ಹೊಲಿದು ದಾರ ಕತ್ತರಿಸಬೇಕು, ಅಂಚಿಗೆ ಒದ್ದೆ ಬಟ್ಟೆ, ಮೇಣ ಉಜ್ಜಬೇಕು. ಮೂರು ರಾತ್ರಿ ಹಿಡಿಯಿತು.

ಎರಡನೇ ರಾತ್ರಿ ಹೊಲಿಗೆ ನಿಂತಿತು. ನಮ್ಮಲ್ಲೇ ಒಬ್ಬ ಉಳಿ ಮುಟ್ಟಲು ಹಿಂದೆಮುಂದೆ ನೋಡಿದ. “ನಮ್ಮದು ಆ ಕೇರಿ ಅಲ್ಲ ಕಣ್ರೋ” ಅಂದ. ಊರಿನವರು ನಮ್ಮಿಬ್ಬರನ್ನೂ ಒಂದೇ ಬಾವಿಯಿಂದ ಓಡಿಸಿದ್ದು ನೆನಪಿದ್ದವನೇ ಹೀಗಂದ. ಬೆಳಗಿನ ಜಾವದವರೆಗೆ ಜಗಳವಾಡಿದೆವು. ಮಾರನೇ ರಾತ್ರಿ ಅವನೇ ಹಿಡಿಕೆ ಕೂರಿಸಿದ.

ಇನ್ನೊಬ್ಬನ ಅಪ್ಪ ಊರಿಂದ ಬಂದವರು ಚೀಲ ನೋಡಿ ಮುಖ ಗಂಟಿಕ್ಕಿದರು. “ಈ ಉಳಿ ನಿನ್ನ ಕೈಗೆ ಬರಬಾರದು ಅಂತ್ಲೇ ಕಣೋ ನಿನ್ನ ಇಸ್ಕೂಲಿಗೆ ಕಳಿಸಿದ್ದು!” ನಮಗೆ ಉತ್ತರ ತೋಚಲಿಲ್ಲ. 1927ರಲ್ಲಿ ಮಹಾಡಿನಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿ ಅಂದದ್ದು ನಮಗೂ ಗೊತ್ತು. 2016ರಲ್ಲಿ ಗುಜರಾತಿನ ಊನಾದಲ್ಲಿ ಸತ್ತ ದನದ ಚರ್ಮ ಸುಲಿದವರನ್ನು ಕಟ್ಟಿ ಬಡಿದದ್ದೂ, ಆಮೇಲೆ ಅಲ್ಲಿಯ ನಮ್ಮ ಜನ ಇನ್ನು ದನ ಎತ್ತುವುದಿಲ್ಲ ಎಂದು ನಿಂತದ್ದೂ ಗೊತ್ತು. ಬಿಡುವ ಹಕ್ಕು ನಮ್ಮದಾದರೆ, ಬೇಕೆಂದಾಗ ಹಿಡಿದು ನಾವೇ ಬೆಲೆ ಹೇಳುವ ಹಕ್ಕೂ ನಮ್ಮದಲ್ವಾ ಅಂತ ಕೇಳಿದೆವು.

ಅಪ್ಪ ಒಪ್ಪಲಿಲ್ಲ. ಇವತ್ತಿಗೂ ಒಪ್ಪಿಲ್ಲ. ಆದರೆ ಹೊರಡುವ ಮೊದಲು ಚೀಲ ಎತ್ತಿಕೊಂಡು ತಿರುಗಿಸಿ, ಹೆಬ್ಬೆರಳ ಉಗುರಿನಿಂದ ಹೊಲಿಗೆ ಎಳೆದು ನೋಡಿ, “ಹಿಡಿಕೆ ಹತ್ರ ದಾರ ಸಡಿಲ ಆಗದೆ” ಅಂದರು. ಬಿಚ್ಚಿ ಮತ್ತೆ ಹೊಲಿದೆವು. ಈಗ ನಿಮ್ಮ ಕೈಲಿರೋದು ಆ ಎರಡನೇ ಹೊಲಿಗೆ. ಹಿಂದಿನ ಸಾಲಿಗೂ ದಾಟಿಸಿ.