ಮೊಣಕೈ ನೋವು ಮತ್ತು ನನ್ನ ಢೋಲ್

(ಮಹಿಳಾ ವೇದಿಕೆಯ ಮಾಸಿಕ ಸಭೆಯಲ್ಲಿ ಆಡಿದ ಮಾತಿನ ಬರಹರೂಪ)



"ಆರೋಗ್ಯದ ಬಗ್ಗೆ ಹದಿನೈದು ನಿಮಿಷ ಮಾತಾಡಿ" ಎಂದು ಕಾರ್ಯದರ್ಶಿಯವರು ಕೇಳಿದಾಗ ನಾನು ಹಿಂಜರಿದೆ. ನಾನು ಡಾಕ್ಟರ್ ಅಲ್ಲ. ಓದಿದ್ದು ಎಂಟೆಕ್, ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ಕೆಲಸ. "ನಿಮ್ಮ ಢೋಲ್ ಕಥೆಯನ್ನೇ ಹೇಳಿ ಸಾಕು" ಎಂದರು. ಹಾಗಾಗಿ ಅದನ್ನೇ ಹೇಳುತ್ತೇನೆ. ಇದರಲ್ಲಿ ನನ್ನ ತಪ್ಪುಗಳೇ ಹೆಚ್ಚು.

ಪುಣೆಗೆ ಹೊಸದಾಗಿ ಬಂದವರಿಗಾಗಿ ಎರಡು ಮಾತು. ಗಣೇಶೋತ್ಸವಕ್ಕೆ ಎರಡು ತಿಂಗಳು ಮುಂಚೆ ಮುಠಾ ನದಿಯ ದಂಡೆಯಲ್ಲಿ, ಸೇತುವೆಗಳ ಕೆಳಗೆ, ಸಂಜೆಯಾದರೆ ಢೋಲ್-ತಾಶಾ ಪಥಕಗಳ ಅಭ್ಯಾಸ ಶುರುವಾಗುತ್ತದೆ. ಢೋಲನ್ನು ಸೊಂಟಕ್ಕೆ ಬಿಗಿದು, ಒಂದು ಕಡೆ ಟಿಪರು ಎನ್ನುವ ಕೋಲಿನಿಂದ, ಇನ್ನೊಂದು ಕಡೆ ಅಂಗೈಯಿಂದ ಬಾರಿಸಬೇಕು. ನಮ್ಮ ಡೊಳ್ಳು ಕುಣಿತ ನೋಡಿದವರಿಗೆ ಇದು ತೀರಾ ಹೊಸದಲ್ಲ. ಪಥಕಗಳಲ್ಲಿ ಹೆಣ್ಣುಮಕ್ಕಳು ದೊಡ್ಡ ಸಂಖ್ಯೆಯಲ್ಲಿದ್ದಾರೆ. 2022ರಲ್ಲಿ ನಾನೂ ಸೇರಿದೆ. ಸೊಂಟಕ್ಕೆ ಏಳೆಂಟು ಕಿಲೋ ಭಾರ, ಸುತ್ತ ನೂರು ಢೋಲು, ಎದೆಯೊಳಗೇ ಬಡಿಯುವ ಆ ಸದ್ದು. ಆಫೀಸಿನ ಯಾವ ಬಡ್ತಿಯೂ ನನಗೆ ಆ ಖುಷಿ ಕೊಟ್ಟಿಲ್ಲ.

ಮೊದಲ ವರ್ಷ ಏನೂ ಆಗಲಿಲ್ಲ. 2023ರ ಆಗಸ್ಟ್‌ನಲ್ಲಿ ಒಂದು ಬೆಳಿಗ್ಗೆ ಚಹಾದ ಕಪ್ ಎತ್ತುವಾಗ ಬಲ ಮೊಣಕೈಯ ಹೊರಬದಿಯಲ್ಲಿ ಚುಳ್ ಎಂದಿತು. ಮುಲಾಮು ಹಚ್ಚಿ ಸುಮ್ಮನಾದೆ. ವಾರ ಕಳೆಯುವಷ್ಟರಲ್ಲಿ ಕುಕ್ಕರ್ ಮುಚ್ಚಳ ತಿರುಗಿಸುವಾಗ, ಬಟ್ಟೆ ಹಿಂಡುವಾಗ, ಬಾಗಿಲ ಬೀಗ ತೆಗೆಯುವಾಗ ಅದೇ ನೋವು. ಆದರೂ ಪಥಕದಲ್ಲಿ ಬಾಯಿ ಬಿಡಲಿಲ್ಲ. ಹೇಳಿದರೆ ಮೆರವಣಿಗೆಯ ಪಟ್ಟಿಯಿಂದ ಹೆಸರು ತೆಗೆದಾರು ಎಂಬ ಭಯ. ಮನೆಯಲ್ಲೂ ಹೇಳಲಿಲ್ಲ. ಧಾರವಾಡದಿಂದ ಅವ್ವ ಫೋನಿನಲ್ಲಿ ಏನು ಹೇಳುತ್ತಾಳೆಂದು ಗೊತ್ತಿತ್ತು.

ಕೊನೆಗೆ ಮೂಳೆ ತಜ್ಞರ ಹತ್ತಿರ ಹೋದೆ. ಅವರು ಮೊಣಕೈ ನೇರ ಮಾಡಿಸಿ, ಅಂಗೈ ಕೆಳಮುಖವಾಗಿಸಿ, ನಡುಬೆರಳನ್ನು ಒತ್ತಿ ಹಿಡಿದು "ಮೇಲೆತ್ತಿ" ಎಂದರು. ಕಣ್ಣಲ್ಲಿ ನೀರು ಬಂತು. "ಟೆನಿಸ್ ಎಲ್ಬೋ" ಎಂದರು. ನಾನು ಜನ್ಮದಲ್ಲಿ ಟೆನಿಸ್ ರ್‍ಯಾಕೆಟ್ ಮುಟ್ಟಿದವಳಲ್ಲ! ಆಮೇಲೆ ಓದಿ ತಿಳಿದುಕೊಂಡೆ: 1873ರಲ್ಲಿ ಈ ನೋವನ್ನು ಮೊದಲು ವಿವರಿಸಿದ ಜರ್ಮನ್ ವೈದ್ಯ ರುಂಗೆ ಬರೆದದ್ದು ಟೆನಿಸ್ ಆಟಗಾರರ ಬಗ್ಗೆ ಅಲ್ಲ, ಬರವಣಿಗೆಯವರ ಕೈನೋವಿನ ಬಗ್ಗೆ. ಟೆನಿಸ್ ಹೆಸರು ಅಂಟಿಕೊಂಡದ್ದು ನಂತರ. ನಮ್ಮಲ್ಲಿ ಈ ಹೆಸರನ್ನು ಮನೆಮಾತು ಮಾಡಿದ್ದು ಸಚಿನ್ ತೆಂಡುಲ್ಕರ್; 2005ರಲ್ಲಿ ಅವರಿಗೆ ಇದಕ್ಕಾಗಿ ಶಸ್ತ್ರಚಿಕಿತ್ಸೆಯೇ ಆಯಿತು.

ಒಳಗೆ ಆಗುವುದು ಇಷ್ಟು. ಮಣಿಕಟ್ಟನ್ನು ಮೇಲಕ್ಕೆತ್ತುವ ಸ್ನಾಯುಗಳು ಮುಂಗೈಯ ಮೇಲ್ಭಾಗದಲ್ಲಿವೆ. ಅವುಗಳ ಕಂಡರ, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ, ಮೊಣಕೈಯ ಹೊರಗಿನ ಗುಬುಟಿಗೆ ಅಂಟಿಕೊಂಡಿದೆ. ನಾವು ಏನನ್ನೇ ಬಿಗಿಯಾಗಿ ಹಿಡಿದರೂ ಮಣಿಕಟ್ಟು ಬಾಗದಂತೆ ಈ ಸ್ನಾಯುಗಳು ಎಳೆದು ಹಿಡಿಯುತ್ತವೆ. ಅದಕ್ಕೇ ನೋವು ಮೊಣಕೈಯಲ್ಲಿದ್ದರೂ ತಪ್ಪು ಹಿಡಿತದಲ್ಲಿರುತ್ತದೆ. ಕೋಲನ್ನು ಗಟ್ಟಿಯಾಗಿ ಹಿಡಿದು ಹೊಡೆದಾಗ ಅದು ಪುಟಿಯುವುದಿಲ್ಲ. ಪ್ರತಿ ಪೆಟ್ಟಿನ ಅದುರು ಕೈಯೊಳಗೇ ಹೋಗುತ್ತದೆ. ಇನ್ನೊಂದು ವಿಷಯ: ಸ್ನಾಯು ಬೇಗ ಬಲಿಯುತ್ತದೆ, ಕಂಡರ ನಿಧಾನ. ಜೂನ್‌ವರೆಗೆ ಕೈ ಖಾಲಿ, ಜುಲೈನಲ್ಲಿ ಒಮ್ಮೆಲೇ ದಿನಕ್ಕೆ ಎರಡು ತಾಸು ಎಂದರೆ ಕಂಡರ ತಾಳುವುದಿಲ್ಲ. ಅದರ ಎಳೆಗಳು ಹಂತಹಂತವಾಗಿ ಸವೆಯುತ್ತವೆ. ಹಳೆಯ ನೋವಿನಲ್ಲಿ ಊತಕ್ಕಿಂತ ಈ ಸವೆತವೇ ಮುಖ್ಯ. ಹಾಗಾಗಿಯೇ ನೋವಿನ ಮಾತ್ರೆ ಆ ಹೊತ್ತಿಗೆ ಕೆಲಸ ಮಾಡಿದರೂ ರಿಪೇರಿ ಮಾಡುವುದಿಲ್ಲ.

ಈಗ ನನ್ನ ದೊಡ್ಡ ತಪ್ಪು. ವಿಸರ್ಜನೆಗೆ ಹತ್ತು ದಿನ ಇತ್ತು. ಸ್ಟೀರಾಯ್ಡ್ ಇಂಜೆಕ್ಷನ್ ಕೊಡಿ ಎಂದು ನಾನೇ ಹಟ ಹಿಡಿದೆ. ಕೊಟ್ಟರು, ಕೈಗೆ ವಿಶ್ರಾಂತಿ ಬೇಕು ಎಂದೂ ಹೇಳಿದರು. ಮೂರನೇ ದಿನ ನೋವು ಮಾಯ. ಮೆರವಣಿಗೆಯಲ್ಲಿ ತಾಸುಗಟ್ಟಲೆ ಬಾರಿಸಿದೆ. ಈ ಇಂಜೆಕ್ಷನ್ ಕೆಲವು ವಾರ ಆರಾಮ ಕೊಡುತ್ತದೆ, ಆದರೆ ವರ್ಷದ ಲೆಕ್ಕ ಹಾಕಿದರೆ ಇಂಜೆಕ್ಷನ್ ತೆಗೆದುಕೊಂಡವರ ಸ್ಥಿತಿ ತೆಗೆದುಕೊಳ್ಳದವರಿಗಿಂತ ಹಿಂದೆ ಬೀಳುತ್ತದೆ ಎಂದು ಅಧ್ಯಯನಗಳು ಹೇಳುತ್ತವೆ. ಅದು ನನಗೆ ತಿಳಿದದ್ದು ದೀಪಾವಳಿ ಹೊತ್ತಿಗೆ, ಮೂರು ವರ್ಷದ ಮಗಳನ್ನು ಎತ್ತಿಕೊಳ್ಳಲು ಹೋಗಿ ಕೈ ಸೋತು ಅವಳು ಜಾರಿದಾಗ. ಪುಣ್ಯಕ್ಕೆ ಹಾಸಿಗೆಯ ಮೇಲೆ ಬಿದ್ದಳು.

ಅವತ್ತು ಮನೆಯಲ್ಲಿ ಎಲ್ಲ ಗೊತ್ತಾಯಿತು. ಅವ್ವ ಅಂದದ್ದು, "ಯವ್ವಾ, ನಿನಗ್ಯಾಕ ಬೇಕಿತ್ತು ಈ ಬಡಿಯೋ ಉಸಾಬರಿ? ಬಿಟ್ಟುಬಿಡು." ಅತ್ತೆಯೂ ಅದನ್ನೇ ಅಂದರು, ಆಫೀಸಿನವರೂ ಅದನ್ನೇ. ಒಂದು ಮಾತು ನನ್ನ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಇದೇ ಕೈ ದಿನಕ್ಕೆ ಎಂಟು ತಾಸು ಮೌಸ್ ಹಿಡಿಯುತ್ತದೆ, ಹಿಟ್ಟು ನಾದುತ್ತದೆ, ರೊಟ್ಟಿ ಬಡಿಯುತ್ತದೆ. ರೊಟ್ಟಿ ಬಿಡು ಎಂದು ಯಾರೂ ಹೇಳಲಿಲ್ಲ. ಬಿಡಬೇಕಾದದ್ದು ನನಗೆ ಇಷ್ಟವಾದ ಆ ಒಂದೇ ಒಂದು ಕೆಲಸ! ಅವ್ವನ ಮೇಲೆ ಸಿಟ್ಟಿಲ್ಲ. ಅವಳ ಮೊಣಕೈಯೂ ವರ್ಷಗಟ್ಟಲೆ ನೋಯುತ್ತಿತ್ತಂತೆ, ನಾನು ಕೇಳಿದ ಮೇಲೆ ಹೇಳಿದಳು. "ರೊಟ್ಟಿ ಬಡಿಯೋರಿಗೆ ಇದೆಲ್ಲಾ ಇದ್ದದ್ದ" ಎಂದಳು.

ಆಮೇಲೆ ಒಬ್ಬ ಫಿಸಿಯೋಥೆರಪಿಸ್ಟ್ ಸಿಕ್ಕರು. ಅವರು ಮೊದಲ ದಿನ ಕೇಳಿದ ಪ್ರಶ್ನೆ, "ಢೋಲ್ ಮತ್ತೆ ಬಾರಿಸಬೇಕೇನು?" ಹೌದು ಎಂದೆ. "ಹಾಗಾದರೆ ಒಂದು ವರ್ಷ ಕೊಡಿ" ಎಂದರು.

ಅವರು ಕಲಿಸಿದ ವ್ಯಾಯಾಮ ಸರಳ. ಮುಂಗೈಯನ್ನು ಮೇಜಿನ ಮೇಲಿಟ್ಟು, ಅಂಗೈ ಕೆಳಮುಖವಾಗಿ, ಮಣಿಕಟ್ಟು ಅಂಚಿನಿಂದ ಹೊರಗಿರಬೇಕು. ಮೊದಲ ವಾರಗಳಲ್ಲಿ ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು, ಮಣಿಕಟ್ಟು ಅಲುಗಿಸದೆ 30ರಿಂದ 45 ಸೆಕೆಂಡ್ ಹಾಗೇ ನಿಲ್ಲಿಸುವುದು, ಐದು ಸಲ. ಅದು ಸುಲಭವಾದ ಮೇಲೆ ಇನ್ನೊಂದು ಕೈಯಿಂದ ಮಣಿಕಟ್ಟನ್ನು ಮೇಲಕ್ಕೆತ್ತಿ, ನಾಲ್ಕೈದು ಎಣಿಸುತ್ತ ನಿಧಾನವಾಗಿ ಇಳಿಸುವುದು. 15ರಂತೆ ಮೂರು ಸುತ್ತು. ಸ್ವಲ್ಪ ನೋವಾದರೆ ಹೆದರಬೇಕಿಲ್ಲ. ಮರುದಿನ ಬೆಳಿಗ್ಗೆಯೂ ನೋವು ಹೆಚ್ಚೇ ಇದ್ದರೆ ಭಾರ ಕಡಿಮೆ ಮಾಡಬೇಕು. ಜೊತೆಗೆ ಭುಜಕ್ಕೂ ವ್ಯಾಯಾಮ, ಏಕೆಂದರೆ ಭುಜ ಮಾಡಬೇಕಾದ ಕೆಲಸವನ್ನು ನಾನು ಮಣಿಕಟ್ಟಿನಿಂದ ಮಾಡುತ್ತಿದ್ದೆ.

ಮನೆಯಲ್ಲೂ ಕೆಲವು ಬದಲಾವಣೆ ಮಾಡಿದೆವು. ಪಾತ್ರೆ, ಚೀಲ ಎತ್ತುವಾಗ ಅಂಗೈ ಮೇಲ್ಮುಖ, ಮೊಣಕೈ ಮೈಗೆ ಹತ್ತಿರ. ಮೌಸ್ ಕೀಬೋರ್ಡಿಗೆ ಅಂಟಿಕೊಂಡಂತೆ. ಹಿಟ್ಟು ನಾದುವುದು ಯಜಮಾನರ ಪಾಲಿಗೆ. ಅದು ಇವತ್ತಿಗೂ ಅವರದೇ.

2024ರಲ್ಲಿ ನಾನು ಬಾರಿಸಲಿಲ್ಲ. ಪಥಕದ ಮುಖ್ಯಸ್ಥರಿಗೆ ವಿಷಯ ಹೇಳಿದಾಗ ಅವರು ಬೈಯಲಿಲ್ಲ, ಹೆಸರನ್ನೂ ಕಿತ್ತುಹಾಕಲಿಲ್ಲ. ನೀರಿನ ಬಾಟಲಿ, ಹಾಜರಿ ಪುಸ್ತಕ ನನ್ನ ಕೈಗೆ ಕೊಟ್ಟರು. ಮೆರವಣಿಗೆಯ ಬದಿಯಲ್ಲಿ ನಡೆಯುತ್ತ ಅತ್ತೆ, ಸುಳ್ಳಲ್ಲ. ಆದರೆ ಹೊರಗೆ ನಿಂತಾಗ ಕಂಡದ್ದು ಒಳಗಿದ್ದಾಗ ಕಂಡಿರಲಿಲ್ಲ. ಚೆನ್ನಾಗಿ ಬಾರಿಸುವ ಹುಡುಗಿಯರ ಬೆರಳು ಸಡಿಲ. ಕೋಲು ತಾನೇ ಪುಟಿದು ಬರುತ್ತದೆ. ಹೊಸಬರ ಮುಷ್ಟಿ ಕಲ್ಲಿನಂತೆ. ಬೆವರಿನಿಂದ ಕೋಲು ಜಾರಿದರೆ ಇನ್ನೂ ಬಿಗಿ. ಢೋಲಿನ ಹಗ್ಗ ಸಡಿಲವಾದರೆ ಪುಟಿತ ಕಡಿಮೆ, ಆಗ ಪೆಟ್ಟು ಇನ್ನೂ ಜೋರು. ತನ್ನ ಸದ್ದು ತನಗೆ ಕೇಳಿಸದಿದ್ದಾಗಲೂ ಕೈ ಜೋರಾಗುತ್ತದೆ. ನಾನು ಈ ನಾಲ್ಕನ್ನೂ ಮಾಡಿದ್ದೆ.

2025ರ ಏಪ್ರಿಲ್‌ನಲ್ಲಿ ಹಳೆಯ ಟೈರ್ ಒಂದರ ಮೇಲೆ ಶುರುಮಾಡಿದೆ. ದಿನ ಬಿಟ್ಟು ದಿನ, ಹತ್ತೇ ನಿಮಿಷ. ವಾರಕ್ಕೆ ಐದು ನಿಮಿಷದಂತೆ ಏರಿಸಿದೆ. ಟಿಪರುವಿನ ಹಿಡಿಗೆ ಬಟ್ಟೆ ಸುತ್ತಿದೆ, ಕಿವಿಗೆ ಇಯರ್‌ಪ್ಲಗ್ ಹಾಕಿಕೊಂಡೆ. ವಿಸರ್ಜನೆಯ ದಿನ ಇಪ್ಪತ್ತು ನಿಮಿಷ ಬಾರಿಸಿ ಢೋಲನ್ನು ಇನ್ನೊಬ್ಬಳಿಗೆ ಕಟ್ಟುತ್ತಿದ್ದೆ; ಮತ್ತೆ ಸರದಿ ಬಂದಾಗ ಮತ್ತೆ ಇಪ್ಪತ್ತು. ಕೈ ದಣಿಯಿತು, ನೋಯಲಿಲ್ಲ.

ಕೊನೆಯದಾಗಿ ಒಂದು ಎಚ್ಚರಿಕೆ. ಎಲ್ಲ ಮೊಣಕೈ ನೋವೂ ಇದೇ ಅಲ್ಲ. ಬೆರಳುಗಳು ಜೋಮು ಹಿಡಿದರೆ, ಕತ್ತಿನಿಂದ ನೋವು ಇಳಿದರೆ, ಮೊಣಕೈ ಊದಿ ಕೆಂಪಾದರೆ, ಜ್ವರವಿದ್ದರೆ, ಬಿದ್ದ ಮೇಲೆ ಕೈ ನೇರವಾಗದಿದ್ದರೆ ನನ್ನ ಮಾತು ಬದಿಗಿಟ್ಟು ಡಾಕ್ಟರ್ ಹತ್ತಿರ ಹೋಗಿ. ಉಳಿದಂತೆ, ಇದು ಹೆಚ್ಚಿನವರಲ್ಲಿ ತಿಂಗಳುಗಳು ಹಿಡಿದರೂ ವಾಸಿಯಾಗುವ ನೋವು.

ಈ ಸಭೆಯಲ್ಲಿ ಎಷ್ಟು ಜನರ ಮೊಣಕೈ ನೋಯುತ್ತಿದೆಯೋ ನನಗೆ ಗೊತ್ತಿಲ್ಲ. ಢೋಲಿನಿಂದಲೋ, ವೀಣೆಯಿಂದಲೋ, ರೊಟ್ಟಿಯಿಂದಲೋ. ಮೊದಲ ವಾರದಲ್ಲೇ ಯಾರಿಗಾದರೂ ಹೇಳಿ. ನಾನು ಬಾಯಿ ಮುಚ್ಚಿಕೊಂಡದ್ದಕ್ಕೆ ಎರಡು ವರ್ಷ ತೆತ್ತೆ. ಮನೆಗೆ ಹೋದ ಮೇಲೆ ನಿಮ್ಮ ಅವ್ವನಿಗೆ, ಅತ್ತೆಗೆ ಒಂದು ಫೋನ್ ಮಾಡಿ, "ನಿನ್ನ ಕೈ ಹ್ಯಾಂಗ ಅದ?" ಎಂದು ಕೇಳಿ. ಅವರಾಗಿ ಹೇಳುವುದಿಲ್ಲ.